ಏಳುನೂರು ರೂಪಾಯಿಯ ಪೈಪು

ಡೊಂಬಿವಲಿಗೆ ಬಂದು ಇಪ್ಪತ್ತೆರಡು ವರ್ಷ ಲೋಕಲ್ ರೈಲನ್ನೇ ನಂಬಿಕೊಂಡಿದ್ದ ನಾನು ಕಾರು ಕೊಂಡದ್ದು ಶೋಕಿಗಲ್ಲ. ಅಪ್ಪನನ್ನು ತಿಂಗಳಿಗೆ ಎರಡು ಸಲ ನವಿ ಮುಂಬಯಿಯ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಮೊಣಕಾಲು ನೋವಿನ ಅವರನ್ನು ಠಾಣೆಯಲ್ಲಿ ಇಳಿಸಿ, ಸೇತುವೆ ಹತ್ತಿಸಿ, ವಾಶಿಯ ರೈಲಿಗೆ ಏರಿಸುವುದು ಆಗದ ಮಾತು. 2022ರಲ್ಲಿ ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಸೆಡಾನ್ ಒಂದನ್ನು 1,85,000 ರೂಪಾಯಿಗೆ ಕೊಂಡೆ. ಎಂಎಚ್ 43, ಅಂದರೆ ನವಿ ಮುಂಬಯಿಯ ನಂಬರು. ಸಣ್ಣ ಕಾರೇ ಸಾಕಿತ್ತು. ಆದರೆ ಊರಿಂದ ಕುಚ್ಚಲಕ್ಕಿ, ತೆಂಗಿನಕಾಯಿ ತುಂಬಿ ತರಲು ದೊಡ್ಡ ಡಿಕ್ಕಿ ಬೇಕೆಂದು ಹೆಂಡತಿಯ ಹಟ.

ಕೊಳ್ಳುವಾಗ ಒಂದು ಜಾಣತನ ಮಾಡಿದ್ದೆ. 2019ರ ಜುಲೈಯಲ್ಲಿ ಉಲ್ಹಾಸ್ ನದಿ ಉಕ್ಕಿ, ಬದ್ಲಾಪುರ–ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನಲ್ಲಿ ನಿಂತದ್ದು ನಿಮಗೂ ನೆನಪಿರಬಹುದು. ನಮ್ಮ ಕಡೆ ಹಳೆಯ ಕಾರು ನೋಡುವವರು ಅದು ನೆರೆಯಲ್ಲಿ ಮುಳುಗಿತ್ತೇ ಎಂದು ಮೊದಲು ನೋಡಬೇಕು. ಸ್ಟೆಪ್ನಿ ಎತ್ತಿ ಗುಂಡಿಯಲ್ಲಿ ಕೆಸರಿನ ಗುರುತಿದೆಯೇ ನೋಡಿದೆ. ಕಾರ್ಪೆಟ್ ಎತ್ತಿ ಮೂಸಿದೆ. ಸೀಟಿನ ಕೆಳಗಿನ ಕಬ್ಬಿಣದ ಹಳಿ ತುಕ್ಕು ಹಿಡಿದಿದೆಯೇ ಎಂದು ಮೊಬೈಲ್ ಬೆಳಕು ಬಿಟ್ಟೆ. ಎಲ್ಲವೂ ಸ್ವಚ್ಛ. ಗೆದ್ದೆ ಅಂದುಕೊಂಡೆ.

ಮೊದಲ ವರ್ಷದಲ್ಲೇ ಕಾರು ತನ್ನ ವಯಸ್ಸು ಹೇಳತೊಡಗಿತು. ಗುಂಡಿಗೆ ಇಳಿದರೆ ಮುಂದಿನ ಚಕ್ರದ ಬಳಿ ಟಕ್ ಟಕ್ ಸದ್ದು: ಸಸ್ಪೆನ್ಶನ್ ಬುಶ್, ಲಿಂಕ್ ರಾಡ್, 6,800. ಕಲ್ಯಾಣದ ಪತ್ರಿ ಪೂಲ್ ಏರುವಾಗ ಎಂಜಿನ್ ಅರಚಿದರೂ ಕಾರು ಮುಂದೆ ಹೋಗದು: ಕ್ಲಚ್ ಸವೆದಿದೆ, 9,500. ಏಸಿ ತಂಪಿಲ್ಲ: ಕಂಡೆನ್ಸರ್ ಸೋರಿಕೆ, 7,200. ಟಯರುಗಳ ಗೆರೆ ಚೆನ್ನಾಗಿದ್ದರೂ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು: ನಾಲ್ಕಕ್ಕೆ 17,000. ಬ್ಯಾಟರಿ 4,500. ಒಟ್ಟು 45,000, ಕಾರಿನ ಬೆಲೆಯ ಹೆಚ್ಚುಕಡಿಮೆ ಕಾಲು ಭಾಗ.

ಹಾಗಾಗಿಯೇ 2024ರ ಏಪ್ರಿಲ್‌ನಲ್ಲಿ ಮೆಕ್ಯಾನಿಕ್ ರೇಡಿಯೇಟರಿನ ಪೈಪು ಒತ್ತಿ ನೋಡಿ, "ಸಾಹೇಬ್, ಹಾ ಪಾಯಿಪ್ ಬದಲೂನ್ ಘ್ಯಾ" ಎಂದಾಗ ನನಗೆ ಸಿಟ್ಟೇ ಬಂತು. ಎಲ್ಲವನ್ನೂ ಬದಲಿಸು ಎಂದರೆ ಹೇಗೆ? ಬರೀ ಏಳುನೂರು ರೂಪಾಯಿ. "ಮುಂದಿನ ತಿಂಗಳು ನೋಡೋಣ" ಎಂದೆ. ಕೂಲಂಟ್ ಕಡಿಮೆಯಾದಾಗ ನಲ್ಲಿ ನೀರು ಸುರಿದೆ.

ಮೇ ತಿಂಗಳ ಮಧ್ಯಾಹ್ನ, ಅಪ್ಪನನ್ನು ಕೂರಿಸಿಕೊಂಡು ಹೊರಟೆ. ಕಾಟಾಯಿ ನಾಕಾ ದಾಟಿ ಶಿಲ್‌ಫಾಟಾದ ಹತ್ತಿರ ಎಂದಿನ ಟ್ರಾಫಿಕ್. ಓಡುವ ಕಾರಿಗೆ ಎದುರುಗಾಳಿ ಸಿಗುತ್ತದೆ. ನಿಂತ ಕಾರಿಗೆ ಫ್ಯಾನೇ ಗತಿ, ಅದಕ್ಕೂ ಒಳಗೆ ನೀರಿರಬೇಕಲ್ಲ. ಬಿಸಿಯ ಸೂಜಿ ಏರುತ್ತಿತ್ತು. ಆಗಲೇ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕಿತ್ತು. ಡಾಕ್ಟರ ಸಮಯ ತಪ್ಪಬಾರದೆಂದು ಇನ್ನೂ ಅರ್ಧ ಕಿಲೋಮೀಟರ್ ಎಳೆದೆ. ಬಾನೆಟ್ಟಿನಿಂದ ಬಿಳಿ ಹಬೆ ಎದ್ದಿತು. ಪೈಪು ಒಡೆದಿತ್ತು.

ಅಪ್ಪ ಬಿಸಿಲಿನಲ್ಲಿ ಒಂದು ಟಯರ್ ಅಂಗಡಿಯ ಸ್ಟೂಲಿನ ಮೇಲೆ ಮುಕ್ಕಾಲು ಗಂಟೆ ಕುಳಿತರು. ಕೈ ನಡುಗುತ್ತಿತ್ತು. ಒಂದು ಮಾತೂ ಆಡಲಿಲ್ಲ. ರಿಕ್ಷಾ ಸಿಕ್ಕಿ ಆಸ್ಪತ್ರೆ ಮುಟ್ಟಿದಾಗ ಡಾಕ್ಟರು ಹೊರಟುಹೋಗಿದ್ದರು.

ಗ್ಯಾರೇಜಿನಲ್ಲಿ ಆಯಿಲ್ ಮುಚ್ಚಳ ತೆರೆದರೆ ಒಳಗೆ ಹಾಲು ಹಾಕಿದ ಚಹಾದ ಬಣ್ಣ. ಎಂಜಿನ್ ಆಯಿಲಿಗೆ ನೀರು ಸೇರಿದ ಗುರುತು ಅದು. ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಹೆಡ್ ಬಿಚ್ಚಿ, ಮಶಿನ್ ಹೊಡೆಸಿ, ವಾಟರ್ ಪಂಪ್, ಬೆಲ್ಟ್, ಪೈಪು ಎಲ್ಲ ಸೇರಿ 24,300.

"ಎಷ್ಟಾಯ್ತು?" ಎಂದು ಅಪ್ಪ ಕೇಳಿದಾಗ ಎಂಟು ಸಾವಿರ ಎಂದೆ. ಮೂವತ್ತೈದು ವರ್ಷ ಕ್ಯಾಂಟೀನಿನ ಲೆಕ್ಕ ಬರೆದವರ ಮುಂದೆ ಅದು ನಡೆಯುವುದೇ? ಬಿಲ್ಲು ಡ್ಯಾಶ್‌ಬೋರ್ಡಿನಲ್ಲೇ ಇತ್ತು. ಓದಿ ಮಡಚಿಟ್ಟರು.

"ಗ್ರೈಂಡರಿನ ಬೆಲ್ಟ್ ಸಡಿಲಾದ ದಿನವೇ ನಾನು ಬದಲಿಸ್ತಿದ್ದೆ ಮಾರಾಯ. ಮಾರನೇ ದಿನ ಇಡ್ಲಿ ಇಲ್ಲ ಅಂದ್ರೆ ಗಿರಾಕಿ ಸುಮ್ನೆ ಹೋಗ್ತಾನಾ?"

ಸುಳ್ಳು ಹೇಳಿದ್ದಕ್ಕೆ ಬೈಯಲಿಲ್ಲ. ಮರುದಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಚಿಕ್ಕ ನೋಟುಪುಸ್ತಕ ಇತ್ತು. ತಾರೀಕು, ಕಿಲೋಮೀಟರ್, ಖರ್ಚು, ಮುಂದೇನು ಬದಲಿಸಬೇಕು ಎಂದು ನಾಲ್ಕು ಗೆರೆ ಎಳೆದಿದ್ದರು.

ಆ ಪುಸ್ತಕ ಬಂದ ಮೇಲೆ ಕಾರು ದಾರಿಯಲ್ಲಿ ನಿಂತಿಲ್ಲ. ಖರ್ಚು ನಿಂತಿದೆ ಎನ್ನಲಾರೆ. ವರ್ಷಕ್ಕೆ ಇಪ್ಪತ್ತು ಸಾವಿರ ತೆಗೆದಿಡುತ್ತೇನೆ. 2026ಕ್ಕೆ ಕಾರಿಗೆ ಹದಿನೈದು ವರ್ಷ. 600 ರೂಪಾಯಿ ಇದ್ದ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ. ಮೇಲೆ ಪರಿಸರ ತೆರಿಗೆ, ಫಿಟ್‌ನೆಸ್ ಪರೀಕ್ಷೆ. ಇಡುವುದೋ ಮಾರುವುದೋ ಎಂದು ಅಪ್ಪನನ್ನು ಕೇಳಿದೆ. ಪುಸ್ತಕದ ಪುಟ ಮಗುಚಿ ಲೆಕ್ಕ ಕೂಡಿಸಿದರು.

"ಅದು ಆಮೇಲೆ. ಇವತ್ತು ಕೂಲಂಟ್ ನೋಡಿದ್ಯಾ?"

ನೋಡಿರಲಿಲ್ಲ. ಇಳಿದು ಬಾನೆಟ್ ಎತ್ತಿದೆ.