ತಿಂದದ್ದು ಮೈಗೆ ಹತ್ತಲಿ

ದಪ್ಪಗಿರುವವರ ಮುಂದೆ ನಾಲಿಗೆ ಬಿಗಿಹಿಡಿಯುವವರೂ ತೆಳ್ಳಗಿರುವವರನ್ನು ಕಂಡರೆ ಸಲೀಸಾಗಿ ಬಾಯಿಬಿಡುತ್ತಾರೆ. ‘ಮನೇಲಿ ಊಟ ಹಾಕಲ್ವಾ?’, ‘ಗಾಳಿ ಬಂದ್ರೆ ಹಾರ್ಕೊಂಡು ಹೋಗ್ತೀಯ!’ ನನ್ನ ತಮ್ಮ ಇದನ್ನೆಲ್ಲ ಕೇಳಿಕೊಂಡೇ ಬೆಳೆದ. ಕೊನೆಗೆ ಮದುವೆಮನೆಗಳಿಗೆ ಬರುವುದನ್ನೇ ಬಿಟ್ಟ. ಕ್ಷಯ ಹಿಡಿದಾಗ 170 ಸೆಂಟಿಮೀಟರ್ ಎತ್ತರದ ಅವನ ತೂಕ 45 ಕಿಲೋಗೆ ಇಳಿದಿತ್ತು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಸಾಮಾನ್ಯ ಮಟ್ಟದ ಕೆಳಮಿತಿ 18.5 ಮುಟ್ಟಬೇಕಾದರೆ ಆ ಎತ್ತರಕ್ಕೆ 53 ಕಿಲೋ ದಾಟಬೇಕು.

ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ, ಕರಗಿದ ಮೈಯನ್ನು ಮತ್ತೆ ಕಟ್ಟುವುದು ಅನ್ನವೇ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ಕ್ಷಯರೋಗಿಗಳಿಗೆ ಔಷಧಿಯ ಜೊತೆ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಕೊಟ್ಟು ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ ಇತ್ತು. ನನ್ನ ತಮ್ಮನ ಲೆಕ್ಕದಲ್ಲಿ ಆ ಶೇ. 5 ಅಂದರೆ ಬರೀ ಎರಡೂಕಾಲು ಕಿಲೋ.

ಆ ಎರಡೂಕಾಲು ಕಿಲೋ ಎಷ್ಟು ಕಷ್ಟ ಅನ್ನುವುದು ಅಮ್ಮನಿಗೆ ಗೊತ್ತು. ನಾಲ್ಕು ತುತ್ತಿಗೇ ಅವನು ತಟ್ಟೆ ಸರಿಸುತ್ತಿದ್ದ. ಅಮ್ಮ ಬೈಯಲಿಲ್ಲ, ಗೋಗರೆಯಲಿಲ್ಲ. ತಟ್ಟೆ ಚಿಕ್ಕದು ಮಾಡಿದಳು, ಹೊತ್ತು ಹೆಚ್ಚಿಸಿದಳು. ಬೆಳಗ್ಗೆ ಹಾಲು ಬೆರೆಸಿದ ರಾಗಿ ಗಂಜಿ, ಹನ್ನೊಂದಕ್ಕೆ ಹುರಿದ ಕಡಲೆಬೀಜ, ಬೆಲ್ಲ. ಮಧ್ಯಾಹ್ನ ಅನ್ನಕ್ಕೆ ಗಟ್ಟಿ ತೊವ್ವೆ, ಮೇಲೊಂದು ಚಮಚ ತುಪ್ಪ. ಸಂಜೆ ಮೊಟ್ಟೆ, ಬಾಳೆಹಣ್ಣು. ರಾತ್ರಿ ಮುದ್ದೆ, ಕಾಳಿನ ಸಾರು. ಮಲಗುವ ಮುಂಚೆ ಹಾಲು. ಊಟದ ಹೊತ್ತಿಗೆ ಟೀ ಬಂದ್. ನೂರು ಗ್ರಾಂ ಕಡಲೆಬೀಜದಲ್ಲಿ ಸುಮಾರು 560 ಕ್ಯಾಲೊರಿ, 25 ಗ್ರಾಂ ಪ್ರೋಟೀನ್ ಇರುತ್ತದೆ. ಹಸಿವು ಸತ್ತವನಿಗೆ ಬೇಕಾದದ್ದು ಇಂಥದ್ದೇ: ಹೊಟ್ಟೆಗೆ ಭಾರವಾಗದೆ ಮೈಗೆ ಹತ್ತುವಂಥದ್ದು. ಚೇತರಿಸಿಕೊಂಡ ಮೇಲೆ ವೈದ್ಯರು ಬಸ್ಕಿ, ದಂಡ ಶುರುಮಾಡಿಸಿದರು. ಸ್ನಾಯುಗಳಿಗೆ ಕೆಲಸ ಕೊಡದಿದ್ದರೆ ಏರಿದ ತೂಕದ ಹೆಚ್ಚಿನ ಪಾಲು ಬೊಜ್ಜಾಗಿ ಉಳಿಯಬಹುದು.

ಈ ನಿಧಾನ ತಾಳಲಾರದವರನ್ನೇ ‘ತಿಂಗಳಲ್ಲಿ ದಪ್ಪ’ ಮಾಡುವ ಹೆಸರಿಲ್ಲದ ಪುಡಿಗಳು ಕಾಯುತ್ತಿರುತ್ತವೆ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಪತ್ತೆಯಾಗಿದೆ. ಅದರಿಂದ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ದಯವಿಟ್ಟು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಪುಡಿಗಿಂತ ಮೊದಲು ಪರೀಕ್ಷೆ ಆಗಲಿ: ಕ್ಷಯ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕರುಳಿನ ತೊಂದರೆ, ಮನಸ್ಸಿನ ಖಿನ್ನತೆ, ಇವುಗಳಲ್ಲಿ ಯಾವುದಾದರೂ ಇರಬಹುದು.

ನನ್ನ ತಮ್ಮನಿಗೆ ಅಮ್ಮನಿದ್ದಳು, ಮನೆಯಲ್ಲಿ ಬೇಳೆಯಿತ್ತು. ಎರಡೂ ಇಲ್ಲದವರು ಎಷ್ಟು ಜನ! ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಕ್ಷಯರೋಗಿಗೆ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರಲ್ಲಿ 1000ಕ್ಕೆ ಏರಿಸಿದ್ದಾರೆ. ಆ ಹಣ ಮೊದಲ ವಾರದಲ್ಲೇ ಕೈಗೆ ಬರಬೇಕು, ಏಕೆಂದರೆ ಹಸಿದ ಹೊಟ್ಟೆಗೆ ಕೊಟ್ಟ ಮಾತ್ರೆ ಅರ್ಧ ಚಿಕಿತ್ಸೆ ಮಾತ್ರ.