ಎಳಿ ಸಣ್ಣದೈತಿ ಅಂದ್ರ ಚಲೋನೋ, ಕೆಟ್ಟದ್ದೋ?

ನವಲಗುಂದ, ಅಣ್ಣಿಗೇರಿ ಕಡೆ ಎರಿ ಹೊಲದಲ್ಲಿ ಬೆಳೆದವರಿಗೆ ಹತ್ತಿಯ ಬಗ್ಗೆ ಹೇಳಹೊರಟರೆ ನಗುತ್ತಾರೆ. ಆದರೂ ಹೇಳ್ತೀನಿ... ಯಾಕಂದ್ರೆ ಸೂಕ್ಷ್ಮದರ್ಶಕದಲ್ಲಿ ಕಾಣುವ ಹತ್ತಿಯೇ ಬೇರೆ.

ಹತ್ತಿಯ ಒಂದು ಎಳೆ ಅಂದ್ರೆ ಒಂದೇ ಒಂದು ಜೀವಕೋಶ! ಹತ್ತಿಕಾಳಿನ ಸಿಪ್ಪೆಯ ಮೇಲೆ ಹುಟ್ಟಿ, ಹೂವಾದ ಮೇಲೆ ಸುಮಾರು ಮೂರು ವಾರ ಉದ್ದಕ್ಕೆ ಬೆಳೆಯುತ್ತದೆ. ಅಗಲದ ಸಾವಿರ ಪಟ್ಟಿಗೂ ಹೆಚ್ಚು ಉದ್ದ. ಆಮೇಲೆ ಒಳಗಿನಿಂದ ಸೆಲ್ಯುಲೋಸ್ ಮೆತ್ತಿಕೊಂಡು ಗೋಡೆ ದಪ್ಪವಾಗುತ್ತದೆ. ಕಾಯಿ ಒಡೆದಾಗ ಒಳಗಿನ ನೀರು ಆರಿ, ಕೊಳವೆ ಚಪ್ಪಟೆಯಾಗಿ, ರಿಬ್ಬನ್ನಿನಂತೆ ತಿರುಚಿಕೊಳ್ಳುತ್ತದೆ. ಗೋಡೆಯೊಳಗಿನ ನಾರುಗಳು ಸುರುಳಿ ಸುತ್ತಿರುವುದೇ ಇದಕ್ಕೆ ಕಾರಣ. ಆ ಸುರುಳಿ ಅಲ್ಲಲ್ಲಿ ದಿಕ್ಕು ಬದಲಿಸುವುದರಿಂದ ತಿರುವು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಈ ತಿರುವುಗಳಿರುವುದಕ್ಕೇ ಎಳೆ ಎಳೆಯನ್ನು ಹಿಡಿದುಕೊಂಡು ಗಟ್ಟಿ ನೂಲಾಗುತ್ತದೆ.

ಇಂಥ ಮೆದು ವಸ್ತುಗಳ ಭೌತಶಾಸ್ತ್ರಕ್ಕೆ ಸಾಫ್ಟ್ ಮ್ಯಾಟರ್ ಅಂತಾರೆ. (ನಮ್ಮ ಸಾಫ್ಟ್‌ವೇರಿಗೂ ಇದಕ್ಕೂ ಸಂಬಂಧವಿಲ್ಲ ಬಿಡಿ!) ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ತಂಡ 1977ರಲ್ಲಿ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕ ಕಂಡುಹಿಡಿದದ್ದು ಈ ಶಾಸ್ತ್ರದಲ್ಲೇ. ದ್ರವಸ್ಫಟಿಕ ನೋಡಲು ಬಳಸುವ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಹತ್ತಿ ಇಟ್ಟರೆ, ಬಲಿತ ಎಳೆಗೆ ಒಂದು ಬಣ್ಣ, ಬಲಿಯದ ಎಳೆಗೆ ಇನ್ನೊಂದು.

ಅದರಿಂದ ರೈತನಿಗೇನು ಅಂತೀರಾ? ಕೊನೆಗೆ ಮಳೆ ಕೈಕೊಟ್ಟು ಗಿಡ ಬೇಗ ಒಣಗಿದರೆ ಎಳೆಯ ಗೋಡೆ ತೆಳುವಾಗಿಯೇ ಉಳಿಯುತ್ತದೆ. ಅಂಥದ್ದಕ್ಕೆ ತಿರುವು ಕಡಿಮೆ, ಮಿಲ್ಲಿನಲ್ಲಿ ಗಂಟು ಕಟ್ಟುತ್ತದೆ, ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ದಲಾಲಿ ಅಂಗಡಿಯಲ್ಲಿ ಬೆರಳಿಂದ ಜಗ್ಗಿ ನೋಡಿದರೆ ಉದ್ದ ತಿಳಿಯುತ್ತದೆ, ಬಲಿತದ್ದೆಷ್ಟು ಅಂತ ತಿಳಿಯುವುದಿಲ್ಲ. ಹತ್ತಿಯೊಳಗೆ ಗಾಳಿ ಹಾಯಿಸಿ ಅಳೆಯುವ ಮೈಕ್ರೊನೇರ್ ಯಂತ್ರವೂ ಒಂದೇ ಅಂಕಿ ಕೊಡುತ್ತದೆ. ಹುಟ್ಟಾ ನಯವಾದ ಎಳೆಗೂ ಅಂಕಿ ಕಡಿಮೆ, ಬಲಿಯದ ಎಳೆಗೂ ಕಡಿಮೆ!

ಒಮ್ಮೆ ಹತ್ತಿ ಮಾರಿ ಬಂದ ಅಪ್ಪ ಫೋನಿನಲ್ಲಿ ಕೇಳಿದ್ದು ಇದನ್ನೇ: "ಎಳಿ ಸಣ್ಣದೈತಿ ಅಂತ ರೇಟ್ ಇಳಿಸಿದ್ರಪಾ. ಸಣ್ಣದಂದ್ರ ಚಲೋನೋ, ಕೆಟ್ಟದ್ದೋ?"

ಎರಡೂ ಆಗಬಹುದು ಅಪ್ಪಾ. ಧಾರವಾಡದಲ್ಲೇ ರೂಪುಗೊಂಡು 1981ರಲ್ಲಿ ಬಂದ ಡಿಸಿಎಚ್-32 ತಳಿಯ ಎಳೆ ಸಣ್ಣದಿರುವುದೇ ಅದರ ಗುಣ. ನಮ್ಮ ಜಯಧರ ಹತ್ತಿಯದು ದಪ್ಪ ಎಳೆ. ಅದು ಸಣ್ಣಗೆ ಬಂತು ಅಂದ್ರೆ ಬಲಿತಿಲ್ಲ ಅಂತ ಅನುಮಾನ ಪಡಬೇಕು. ಲ್ಯಾಬಿನಲ್ಲಿ ಎಳೆಗಳನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಉಬ್ಬಿಸಿ ನೋಡುತ್ತಾರೆ: ಬಲಿತದ್ದು ಕಡ್ಡಿಯಂತೆ ದುಂಡಗಾಗುತ್ತದೆ, ಬಲಿಯದ್ದು ರಿಬ್ಬನ್ನಾಗಿಯೇ ಉಳಿಯುತ್ತದೆ. ಎಣಿಸಿದರೆ ಆಯ್ತು.

ಮನು ಪ್ರಕಾಶ್ ತಂಡ 2014ರಲ್ಲಿ ತೋರಿಸಿದ ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್‌ನಲ್ಲೂ ಹತ್ತಿಯ ತಿರುವು ಕಾಣುತ್ತದೆ. ಧಾರಣಿ ಅದರಿಂದ ಏರಲಿಕ್ಕಿಲ್ಲ. ಆದರೆ "ಸಣ್ಣ" ಅಂದವರನ್ನು "ಯಾವ ಸಣ್ಣ?" ಅಂತ ತಿರುಗಿ ಕೇಳಬಹುದಲ್ಲ!

ನಿಮ್ಮೂರ ಕಡೆ ಹತ್ತಿ ಹೆಂಗ ನೋಡ್ತಾರ್ರೀ?