ಹಳದಿ ಮನೆಯ ಕೆಂಪು ಜೆರ್ಸಿ

ಮೊದಲೇ ಹೇಳಿಬಿಡ್ತೀನಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡ ಎರಡನೇ ಭಾಷೆ. ಒತ್ತಕ್ಷರ ತಪ್ಪಿದ್ರೆ, 'ಲ'ಗೆ 'ಳ' ಬಂದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಕ್ಲಬ್‌ನ ಸೀನಿಯರ್ ಅಕ್ಕ "ನಿನಗೆ ಗೊತ್ತಿರೋದನ್ನೇ ಬರಿ ಸಾಕು" ಅಂದ್ರು. ನನಗೆ ಗೊತ್ತಿರೋದು ಎರಡೇ ವಿಷಯ. ಬಂಗಾರಪೇಟೆ ಪಾನಿಪುರಿ ಮತ್ತು ಆರ್‌ಸಿಬಿ. ನೀರಿನ ಹಾಗೆ ಬಣ್ಣವಿಲ್ಲದ ಆ ಪಾನಿಯ ಬಗ್ಗೆ ಬರೆದ್ರೆ ಹಾಸ್ಟೆಲ್ ಮೆಸ್ ಊಟ ಗಂಟಲಲ್ಲಿ ಇಳಿಯಲ್ಲ. ಹಾಗಾಗಿ ಆರ್‌ಸಿಬಿ.

ಅಮ್ಮನ ಊರು ಬಂಗಾರಪೇಟೆ, ಮನೆಮಾತು ಕನ್ನಡ. ಅಪ್ಪನ ಊರು ಕೆಜಿಎಫ್, ಮನೆಮಾತು ತಮಿಳು. ಕೆಜಿಎಫ್ ಅಂದ್ರೆ ನಿಮಗೆ ಯಶ್ ಸಿನಿಮಾ ನೆನಪಾಗತ್ತೆ. ನನಗೆ ನೆನಪಾಗೋದು ಸೈನೈಡ್ ದಿಬ್ಬದ ಪಕ್ಕದ ಬಯಲು. ಮಾರ್ಚ್ ಗಾಳಿಗೆ ದಿಬ್ಬದ ಪುಡಿ ಎದ್ದು ಬಂದು ಪಿಚ್ ಮೇಲೆ ಕೂರತ್ತೆ. ರಜೆಯಲ್ಲಿ ತಾತನ ಮನೆಗೆ ಹೋದಾಗೆಲ್ಲ ಅಲ್ಲೇ ಆಟ. ಅಲ್ಲಿ ಹನ್ನೊಂದು ಜನದಲ್ಲಿ ಎಂಟು ಜನ ಸಿಎಸ್‌ಕೆ. ನಾನು ಕೆಂಪು ಜೆರ್ಸಿ ಹಾಕ್ಕೊಂಡು ಬ್ಯಾಟಿಂಗ್‌ಗೆ ಬಂದ್ರೆ ಕೀಪರ್ ಹಿಂದಿನಿಂದ "ಕಪ್ ಎಂಗ ಡಾ?" ಅಂತಿದ್ದ. ಕಪ್ ಎಲ್ಲೋ ಅಂತ. ಮನೆಗೆ ಬಂದ್ರೆ ಅಪ್ಪನೂ ಅದೇ ಪ್ರಶ್ನೆ. ಅಪ್ಪ ಧೋನಿ ಭಕ್ತರು.

ಇನ್ನು ಕಾಲೇಜಿಗೆ ಬಂದ್ರೆ ಉಲ್ಟಾ. ಹಾಸ್ಟೆಲ್‌ನಲ್ಲಿ ಮೊದಲ ವಾರ ಒಬ್ಬ ಕೇಳಿದ, "ಯಾವ ಊರು ಮಗಾ?" ಕೆಜಿಎಫ್ ಕಡೆ ಅಂದೆ. "ಓ, ಹಾಗಾದ್ರೆ ಸಿಎಸ್‌ಕೆ ಅಲ್ವಾ?" ಅಂದ. ತಮಾಷೆಗೇ ಅಂದಿದ್ದು, ಆದರೂ ಆ ರಾತ್ರಿ ಸ್ವಲ್ಪ ಚುಚ್ಚಿತು. ಅಲ್ಲಿ ನಾನು ಬೆಂಗಳೂರಿನವನು, ಇಲ್ಲಿ ನಾನು ತಮಿಳು ಕಡೆಯವನು. ನಮ್ದೇ ಅಂತ ಕೂಗೋಕೆ ನನಗೆ ಎಷ್ಟು ಹಕ್ಕಿದೆ ಅಂತ ಯಾರು ತೀರ್ಮಾನ ಮಾಡೋದು?

ಈ ಪ್ರಶ್ನೆ ಪಕ್ಕಕ್ಕಿಟ್ಟು ಮೊದಲು ತಂಡದ ವಿಷಯಕ್ಕೆ ಬರ್ತೀನಿ. ಈ ತಿಂಗಳ ಕೊನೆಗೆ ಹೊಸ ಸೀಸನ್ ಶುರು. 2026ರಲ್ಲಿ ನಾವು ಏನು ಮಾಡಬಹುದು?

ಕಳೆದ ವರ್ಷದ ತಂಡ ಗೆದ್ದಿದ್ದು ಒಬ್ಬ ಹೀರೋನಿಂದ ಅಲ್ಲ. ಕೊಹ್ಲಿ 657 ರನ್ ಹೊಡೆದ್ರು, ಸರಿ. ಆದ್ರೆ ಲಕ್ನೋದಲ್ಲಿ 228 ಬೇಕಾಗಿದ್ದಾಗ ಜಿತೇಶ್ ಶರ್ಮಾ 33 ಬಾಲ್‌ಗೆ 85. ಸಿಎಸ್‌ಕೆ ಮೇಲೆ ಚಿನ್ನಸ್ವಾಮಿಯಲ್ಲಿ ರೊಮಾರಿಯೋ ಶೆಫರ್ಡ್ 14 ಬಾಲ್‌ಗೆ 53, ಆ ಮ್ಯಾಚ್ ಗೆದ್ದಿದ್ದು ಬರೀ 2 ರನ್‌ನಲ್ಲಿ. (ಅಪ್ಪ ಆ ರಾತ್ರಿ ಊಟ ಮಾಡದೆ ಮಲಗಿದ್ರು.) ಫೈನಲ್‌ನಲ್ಲಿ ಕೃಣಾಲ್ ಪಾಂಡ್ಯ 4 ಓವರ್‌ಗೆ 17 ರನ್ ಕೊಟ್ಟು 2 ವಿಕೆಟ್. ಲೀಗ್ ಹಂತದಲ್ಲಿ ಹೊರಗಿನ ಏಳು ಮ್ಯಾಚ್ ಆಡಿ ಏಳೂ ಗೆದ್ವಿ. ಮೊದಲೆಲ್ಲ ಮೂರು ಜನ ಸ್ಟಾರ್ ಔಟಾದ್ರೆ ಟಿವಿ ಆಫ್ ಮಾಡಿ ಓದೋಕೆ ಕೂರ್ತಿದ್ವಿ. ಕಳೆದ ವರ್ಷ ಓದೋಕೆ ಟೈಮೇ ಸಿಗಲಿಲ್ಲ.

ಆ ತಂಡದ 17 ಜನರನ್ನ ಉಳಿಸಿಕೊಂಡಿದ್ದಾರೆ. ಇದು ನನಗೆ ತುಂಬಾ ಇಷ್ಟವಾದ ನಿರ್ಧಾರ. ಡಿಸೆಂಬರ್ 16ರಂದು ಅಬುಧಾಬಿ ಹರಾಜಿನಲ್ಲಿ ಎಂಟು ಜನರನ್ನ ತಗೊಂಡ್ರು. ವೆಂಕಟೇಶ್ ಅಯ್ಯರ್ 7 ಕೋಟಿ. ಹಿಂದಿನ ಸಲ ಕೋಲ್ಕತ್ತ ಇವರಿಗೆ 23.75 ಕೋಟಿ ಕೊಟ್ಟಿತ್ತು, ಆ ಲೆಕ್ಕದಲ್ಲಿ ನಮಗೆ ಡಿಸ್ಕೌಂಟ್ ಸೇಲ್. ಮಧ್ಯಪ್ರದೇಶದ ಎಡಗೈ ವೇಗಿ ಮಂಗೇಶ್ ಯಾದವ್‌ಗೆ 5.20 ಕೋಟಿ. ನ್ಯೂಜಿಲೆಂಡ್‌ನ ಜೇಕಬ್ ಡಫಿ 2 ಕೋಟಿ.

ನನ್ನ ಪ್ರಕಾರ ಈ ಹರಾಜಿನ ಬೆಸ್ಟ್ ಡೀಲ್ ಡಫಿ. ಯಾಕೆ ಅಂತ ಎಂಜಿನಿಯರಿಂಗ್ ಭಾಷೆಯಲ್ಲೇ ಹೇಳ್ತೀನಿ. ಒಂದು ಸಿಸ್ಟಮ್‌ನಲ್ಲಿ ಒಂದೇ ಒಂದು ಭಾಗ ಕೆಟ್ಟರೆ ಇಡೀ ಮೆಷಿನ್ ನಿಲ್ಲತ್ತೆ ಅಂದ್ರೆ ಅದು ಕೆಟ್ಟ ಡಿಸೈನ್, ಪಕ್ಕದಲ್ಲಿ ಸ್ಪೇರ್ ಇಡಬೇಕು ಅಂತ ಮೇಷ್ಟ್ರು ಬೋರ್ಡ್ ಮೇಲೆ ಬರೀತಾರಲ್ಲ. ನಮ್ಮ ಬೌಲಿಂಗ್‌ನಲ್ಲಿ ಆ ಭಾಗ ಜೋಶ್ ಹೇಜಲ್‌ವುಡ್. ಕಳೆದ ಸೀಸನ್ 22 ವಿಕೆಟ್. ಆದ್ರೆ ಗಾಯದಿಂದ ಇಡೀ ಆ್ಯಶಸ್ ಸರಣಿ ತಪ್ಪಿಸಿಕೊಂಡ್ರು. ಡಫಿ ಅವರ ಸ್ಪೇರ್. ಬುದ್ಧಿವಂತರ ಕೆಲಸ.

ಚಿಂತೆ ಇಲ್ವಾ? ಇದೆ. ವಯಸ್ಸು. ಕೊಹ್ಲಿಗೆ 37, ಭುವನೇಶ್ವರ್‌ಗೆ 36, ಹೇಜಲ್‌ವುಡ್‌ಗೆ 35, ಕೃಣಾಲ್ ಕೂಡ ಈ ತಿಂಗಳು 35. ತಂಡದ ನಾಲ್ಕು ಕಂಬಗಳೂ ಒಂದೇ ಕಾಲದಲ್ಲಿ ಹಳೆಯದಾಗ್ತಿವೆ. ಈ ವರ್ಷ ನಿಲ್ಲತ್ತೆ ಅಂತ ನಂಬಿಕೆ ಇದೆ. 2027ಕ್ಕೆ ಯಾರು ಅನ್ನೋದಕ್ಕೆ ಉತ್ತರ ಕಾಣಿಸ್ತಿಲ್ಲ. ಇನ್ನೊಂದು ಚಿಂತೆ ಸ್ಪಿನ್. ಸುಯಶ್ ಶರ್ಮಾ ಒಂದು ದಿನ ಹೊಡೆಸಿಕೊಂಡ್ರೆ ಕೃಣಾಲ್ ಬಿಟ್ಟು ನಂಬೋಕೆ ಇನ್ನೊಬ್ಬರಿಲ್ಲ. ಒಟ್ಟಿನಲ್ಲಿ ನನ್ನ ಭವಿಷ್ಯವಾಣಿ: ಮೊದಲ ನಾಲ್ಕರಲ್ಲಿ ಖಂಡಿತ. ಕಪ್ ಬರತ್ತಾ? ಹೇಜಲ್‌ವುಡ್ ಕನಿಷ್ಠ ಹತ್ತು ಮ್ಯಾಚ್ ಆಡಿದ್ರೆ ಬರಬಹುದು.

ಈಗ ನೋವಿನ ವಿಷಯ. ಬಿಟ್ಟವರ ಪಟ್ಟಿ.

ಲಿವಿಂಗ್‌ಸ್ಟನ್ ಹೋಗಿದ್ದಕ್ಕೆ ಯಾರೂ ಅಳಲಿಲ್ಲ. ಆದ್ರೆ ಆ ಪಟ್ಟಿಯಲ್ಲಿ ಮಯಂಕ್ ಅಗರ್‌ವಾಲ್ ಇದ್ರು, ರಾಯಚೂರಿನ ಮನೋಜ್ ಭಾಂಡಗೆ ಇದ್ರು. ಈಗ 25 ಜನರ ತಂಡದಲ್ಲಿ ಕರ್ನಾಟಕಕ್ಕೆ ಆಡೋರು ಒಬ್ಬರೇ, ದೇವದತ್ತ ಪಡಿಕ್ಕಲ್. 2009ರ ಫೈನಲ್ ನೋಡಿ. ಆಗ ನಾನು ಕೂಸು, ಯೂಟ್ಯೂಬ್‌ನಲ್ಲಿ ನೋಡಿದ್ದು. ಜೊಹಾನ್ಸ್‌ಬರ್ಗ್‌ನಲ್ಲಿ ಇಳಿದ ಹನ್ನೊಂದರಲ್ಲಿ ಐದು ಜನ ನಮ್ಮವರು. ಕುಂಬ್ಳೆ, ದ್ರಾವಿಡ್, ಉತ್ತಪ್ಪ, ಮನೀಶ್ ಪಾಂಡೆ, ವಿನಯ್ ಕುಮಾರ್. ಕುಂಬ್ಳೆ 16 ರನ್‌ಗೆ 4 ವಿಕೆಟ್ ತೆಗೆದೂ 6 ರನ್‌ನಲ್ಲಿ ಸೋತ್ವಿ. 2025ರಲ್ಲಿ ಗೆದ್ದಿದ್ದೂ ಅದೇ 6 ರನ್‌ನಲ್ಲಿ. ಆದ್ರೆ ಈ ಸಲ ಹನ್ನೊಂದರಲ್ಲಿ ಕರ್ನಾಟಕದವರು ಮಯಂಕ್ ಒಬ್ಬರೇ, ಅವರೂ ಗಾಯಗೊಂಡ ಪಡಿಕ್ಕಲ್ ಜಾಗಕ್ಕೆ ಸೀಸನ್ ಕೊನೆಯಲ್ಲಿ ಬಂದವರು.

ಆ ಕಡೆ ಪ್ರಸಿದ್ಧ್ ಕೃಷ್ಣ ಗುಜರಾತ್‌ಗೆ ಆಡಿ 25 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಹಾಕ್ಕೊಂಡ್ರು. ರಾಹುಲ್ ಡೆಲ್ಲಿ ಜೆರ್ಸಿಯಲ್ಲಿ ಚಿನ್ನಸ್ವಾಮಿಗೆ ಬಂದು 93 ಹೊಡೆದು, ಬ್ಯಾಟ್‌ನಿಂದ ನೆಲದ ಮೇಲೆ ಗೆರೆ ಎಳೆದು, ಇದು ನನ್ನ ಜಾಗ ಅಂತ ತೋರಿಸಿದ್ರು. 'ಕಾಂತಾರ' ಸಿನಿಮಾದಿಂದ ಬಂದ ಐಡಿಯಾ ಅಂತ ಆಮೇಲೆ ಹೇಳಿದ್ರು. ನಾವು ಸೋತ ರಾತ್ರಿ ಅದು. ಆದರೂ ಹಾಸ್ಟೆಲ್ ಟಿವಿ ಮುಂದೆ ಅರ್ಧ ಜನ ಚಪ್ಪಾಳೆ ಹೊಡೆದ್ರು, ನಾನೂ ಹೊಡೆದೆ.

ಹಾಗಾದ್ರೆ ಹೊರಗಿನವರ ತಂಡ ನಮ್ಮ ತಂಡ ಹೇಗಾಗತ್ತೆ? ಜನವರಿಯಲ್ಲಿ ಚಾಂಪಿಯನ್ ರೀಫ್‌ಗೆ ಹೋದಾಗ ತಾತನ ಹತ್ರ ಇದೇ ಗೋಳು ಹೇಳ್ಕೊಂಡೆ. ತಾತನಿಗೆ ಕ್ರಿಕೆಟ್ ಅಂದ್ರೆ ಅಷ್ಟಕ್ಕಷ್ಟೇ. ಹದಿನೆಂಟಕ್ಕೆ ಗಣಿಗೆ ಇಳಿದವರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಹೊರಗೆ ಬಂದವರು. ಅವರು ನಕ್ಕು ತಮಿಳಲ್ಲಿ ಹೇಳಿದ್ದನ್ನ ನನ್ನ ಕನ್ನಡದಲ್ಲಿ ಬರೀತೀನಿ.

"ಈ ಊರಲ್ಲಿ ಯಾರೋ ಒಳಗಿನವರು? ನಮ್ಮಪ್ಪ ಆರ್ಕಾಟ್ ಕಡೆಯಿಂದ ಬಂದ. ಪಕ್ಕದ ಲೈನ್‌ನವರು ಚಿತ್ತೂರಿನಿಂದ. ದೊರೆಗಳು ಇಂಗ್ಲೆಂಡ್‌ನಿಂದ. ಕೆಳಗೆ ಇಳಿದ ಮೇಲೆ ಯಾವ ಊರು ಅಂತ ಯಾರೂ ಕೇಳ್ತಿರಲಿಲ್ಲ. ಬಂಡೆ ಸಿಡಿದ್ರೆ ಪಕ್ಕದಲ್ಲಿ ಇರೋನು ನನ್ನ ಎಳೆದುಕೊಂಡು ಓಡ್ತಾನಾ, ಬಿಟ್ಟು ಓಡ್ತಾನಾ, ಅಷ್ಟೇ."

ಬಂಡೆ ಸಿಡಿಯೋದು ಅಂದ್ರೆ ಗೊತ್ತಾ? ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗಿಂತ ಆಳ. ಅಷ್ಟು ಆಳದಲ್ಲಿ ಬಂಡೆ ಮೇಲೆ ಒತ್ತಡ ವಿಪರೀತ. ಸುರಂಗ ಕೊರೆದಾಗ ಆ ಒತ್ತಡ ಒಮ್ಮೆಲೇ ಬಿಡುಗಡೆಯಾಗಿ ಗೋಡೆಯೇ ಬಾಂಬ್ ಹಾಗೆ ಒಡೆಯತ್ತೆ. ಮೇಲಿನ ಮನೆಗಳಲ್ಲಿ ಪಾತ್ರೆ ಅಲ್ಲಾಡ್ತಿತ್ತಂತೆ. ಅಜ್ಜಿ ತಕ್ಷಣ ಶಾಫ್ಟ್ ಕಡೆ ಓಡ್ತಿದ್ರಂತೆ, ಯಾರ ಗಂಡ ಅಂತ ನೋಡೋಕೆ.

ಆಮೇಲೆ ತಾತ ಇನ್ನೊಂದು ಮಾತು ಹೇಳಿದ್ರು. "ಹೊರಗಿನವನನ್ನ ಕರೆದಿದ್ದು ತಪ್ಪಲ್ಲ. ಕೆಲಸ ಮುಗಿದ ಮೇಲೆ, ಇಲ್ಲೇ ಹುಟ್ಟಿದ ಹುಡುಗರು ಏನು ಮಾಡ್ತಾರೆ ಅಂತ ಯಾರೂ ಕೇಳಲಿಲ್ಲ ನೋಡು, ಅದು ತಪ್ಪು." ಈಗ ಆ ಹುಡುಗರೆಲ್ಲ ಬೆಳಗ್ಗೆ ಮಾರಿಕುಪ್ಪಂನಿಂದ ಬರೋ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ. ನಮ್ಮಪ್ಪನೂ ಬಂಗಾರಪೇಟೆಯಲ್ಲಿ ಅದನ್ನೇ ಹತ್ತೋದು.

ನನಗೆ ಉತ್ತರ ಸಿಕ್ಕಿದ್ದು ಅಲ್ಲೇ. ಪಾಟೀದಾರ್ ಇಂದೋರ್‌ನವರು, ಕೊಹ್ಲಿ ಡೆಲ್ಲಿಯವರು, ಸಾಲ್ಟ್ ಇಂಗ್ಲೆಂಡ್. ಅವರು ನಮ್ಮವರೇ, ಯಾಕಂದ್ರೆ ನಮಗೋಸ್ಕರ ಓಡ್ತಾರೆ. ಹಾಗಂತ ಕರ್ನಾಟಕದವನು ಅಂತ ಯಾರಿಗೂ ಸೀಟು ಕೊಡಿ ಅಂತಾನೂ ನಾನು ಕೇಳಲ್ಲ. ಆದ್ರೆ ಮಹಾರಾಜ ಟ್ರೋಫಿ ನಮ್ಮ ರಾಜ್ಯದಲ್ಲೇ ನಡೆಯತ್ತೆ, ರಾಯಚೂರು, ಕೋಲಾರದ ಹುಡುಗರೂ ಅಂಥ ಕಡೆ ಆಡೋ ಕನಸಲ್ಲೇ ಬೆಳೀತಾರೆ. ಕೂಗಳತೆಯಲ್ಲಿ ಇರೋನನ್ನ ಒಂದು ಸೀಸನ್ ಬೆಂಚ್ ಮೇಲೆ ಕೂರಿಸಿ ಬಿಟ್ಟುಬಿಡೋದು ಬೇಡ. ಐದಾರು ಮ್ಯಾಚ್ ಕೊಟ್ಟು ನೋಡಿ, ಆಗಲಿಲ್ಲ ಅಂದ್ರೆ ಬಿಡಿ. ಸದ್ಯಕ್ಕೆ ಪಡಿಕ್ಕಲ್‌ನ ಮೂರನೇ ನಂಬರ್‌ನಿಂದ ಅಲ್ಲಾಡಿಸಬೇಡಿ. ಕಳೆದ ಸೀಸನ್ 10 ಮ್ಯಾಚ್‌ನಲ್ಲಿ 247 ರನ್, ಅದೂ 150ರ ಸ್ಟ್ರೈಕ್ ರೇಟ್‌ನಲ್ಲಿ. ವೆಂಕಟೇಶ್ ಅಯ್ಯರ್ ಬಂದ್ರು ಅಂತ ಇವರನ್ನ ಮತ್ತೆ ಬೆಂಚಿಗೆ ಕಳಿಸಿದ್ರೆ ನಾನಂತೂ ಒಂದು ವಾರ ಟಿವಿ ನೋಡಲ್ಲ. (ಸುಳ್ಳು. ನೋಡ್ತೀನಿ.)

ಇಷ್ಟು ಬರೆದು ನಿಲ್ಲಿಸೋಣ ಅಂದ್ಕೊಂಡಿದ್ದೆ. ಆದ್ರೆ ಕಳೆದ ವರ್ಷದ ಕಪ್ ಬಗ್ಗೆ ಬರೆದು ಜೂನ್ 4ನ್ನ ಬಿಟ್ಟರೆ ಅದು ಮೋಸ.

ಜೂನ್ 3ರ ರಾತ್ರಿ ಬಂಗಾರಪೇಟೆಯಲ್ಲಿ ದೀಪಾವಳಿ. ಕೊಹ್ಲಿ ಅತ್ತಿದ್ದು ನೋಡಿ ನಾನೂ ಅತ್ತೆ. ಮರುದಿನ ಪರೀಕ್ಷೆಗೆ ಓದೋ ರಜೆ, ಪುಸ್ತಕ ಮುಚ್ಚಿಟ್ಟು ಬೆಂಗಳೂರಿಗೆ ಹೊರಟೆ. ಅಮ್ಮ ಬೇಡ ಅಂದ್ರು. ಅಪ್ಪ, ಸಿಎಸ್‌ಕೆ ಅಪ್ಪ, "ಹದಿನೆಂಟು ವರ್ಷ ಕಾದಿದ್ದಾರೆ, ಹೋಗಿ ಬರಲಿ ಬಿಡು" ಅಂತ ಇನ್ನೂರು ರೂಪಾಯಿ ಕೊಟ್ರು.

ಕಂಟೋನ್‌ಮೆಂಟ್‌ನಲ್ಲಿ ಇಳಿದು ನಡೆದೆ. ಕಬ್ಬನ್ ರಸ್ತೆ ಮುಟ್ಟೋ ಹೊತ್ತಿಗೆ ನಾನು ನಡೀತಾ ಇರಲಿಲ್ಲ, ಜನ ನನ್ನ ನಡೆಸ್ತಿದ್ರು. ಒಂದು ಹಂತದಲ್ಲಿ ಕೈ ಎತ್ತೋಕೂ ಜಾಗ ಇಲ್ಲ, ಎದೆ ತುಂಬ ಉಸಿರು ಎಳ್ಕೊಳ್ಳೋಕೆ ಆಗ್ತಿಲ್ಲ. ಯಾರೋ ಒಬ್ಬರು, ಮುಖವೂ ಸರಿಯಾಗಿ ನೆನಪಿಲ್ಲ, ಕಂಕುಳಿಗೆ ಕೈ ಹಾಕಿ ನನ್ನ ಡಿವೈಡರ್ ಮೇಲೆ ಎಳ್ಕೊಂಡ್ರು. ಯಾವ ಊರು ಅಂತ ಕೇಳಲಿಲ್ಲ. ಒಂದು ಚಪ್ಪಲಿ ಅಲ್ಲೇ ಹೋಯ್ತು. ನಾನು ಸ್ಟೇಡಿಯಂ ನೋಡಲೇ ಇಲ್ಲ, ವಾಪಸ್ ಬಂದೆ. ಫೋನ್ ಹೋಗ್ತಿರಲಿಲ್ಲ. ಸ್ಟೇಷನ್‌ಗೆ ಬಂದ ಮೇಲೆ ಗೊತ್ತಾಯ್ತು, ಸ್ಟೇಡಿಯಂ ಹೊರಗೆ ನೂಕುನುಗ್ಗಲಲ್ಲಿ ಜನ ಸತ್ತಿದ್ದಾರೆ ಅಂತ. ಹನ್ನೊಂದು ಜನ. ನಮ್ಮ ವಯಸ್ಸಿನವರೂ ಇದ್ರು.

ರೈಲು ಬಂಗಾರಪೇಟೆಗೆ ಬಂದಾಗ ರಾತ್ರಿ. ಪ್ಲಾಟ್‌ಫಾರ್ಮ್ ಬೆಂಚ್ ಮೇಲೆ ಅಪ್ಪ ಕೂತಿದ್ರು, ಮನೆಯ ಲುಂಗಿಯಲ್ಲೇ. ಸಂಜೆಯಿಂದ ಬಂದ ಒಂದೊಂದು ರೈಲನ್ನೂ ನೋಡಿದ್ದಾರೆ. ನನ್ನ ಕಾಲು ನೋಡಿದ್ರು, ತಮ್ಮ ಚಪ್ಪಲಿ ಬಿಚ್ಚಿ ನನ್ನ ಮುಂದಿಟ್ರು. "ಸಾಪ್ಟಿಯಾ?" ಅಂದ್ರು. ಊಟ ಆಯ್ತಾ ಅಂತ. ಬೇರೆ ಏನೂ ಕೇಳಲಿಲ್ಲ. ಮನೆವರೆಗೂ ಬರಿಗಾಲಲ್ಲೇ ನಡೆದ್ರು.

ಅಜ್ಜಿ ಶಾಫ್ಟ್ ಬಾಯಿಗೆ ಓಡ್ತಿದ್ದ ಕಥೆ ನನಗೆ ಮೊದಲೂ ಗೊತ್ತಿತ್ತು. ಆವತ್ತು ಅರ್ಥವಾಯ್ತು.

ಆಮೇಲೆ ಎರಡು ತಿಂಗಳು ಕೆಂಪು ಜೆರ್ಸಿ ಹಾಕಲಿಲ್ಲ. ಕಪ್ ಫೋಟೋ ನೋಡಿದ್ರೆ ಖುಷಿಯೂ ಆಗ್ತಿತ್ತು, ಖುಷಿಯಾಯ್ತಲ್ಲ ಅಂತ ನಾಚಿಕೆಯೂ ಆಗ್ತಿತ್ತು. ಈಗಲೂ ಎರಡೂ ಇದೆ. ಈ ಸಲ ಗೆದ್ರೆ ಎಲ್ಲಿಗೂ ಓಡಲ್ಲ. ನೀವೂ ಓಡಬೇಡಿ. ಕಪ್ ಎಲ್ಲೂ ಹೋಗಲ್ಲ.

ಈ ಚಳಿಗಾಲದಲ್ಲಿ ಅಪ್ಪನಿಗೂ ಏಟು ಬಿತ್ತು. ಸಿಎಸ್‌ಕೆ ಜಡೇಜಾನನ್ನೇ ರಾಜಸ್ಥಾನಕ್ಕೆ ಕೊಟ್ಟು ಸಂಜು ಸ್ಯಾಮ್ಸನ್‌ನ ತಂದಿತು. 2012ರಿಂದ ಇದ್ದವನನ್ನ ಹೇಗೆ ಬಿಡ್ತಾರೆ ಅಂತ ಮೂರು ದಿನ ಗೊಣಗಿದ್ರು. ಆಮೇಲೆ ಒಂದು ದಿನ ಫೋನ್ ಮಾಡಿ, "ಸಂಜು ಒಳ್ಳೆ ಹುಡುಗ ಕಣೋ, ಸ್ಟಂಪ್ ಹಿಂದೆ ಪರವಾಗಿಲ್ಲ" ಅಂದ್ರು. ಗೊತ್ತಾಯ್ತು, ಹೊಸಬ ಆಗಲೇ ಮನೆಯವನಾಗಿದ್ದಾನೆ.

ಮೊದಲ ಮ್ಯಾಚ್‌ಗೆ ಊರಿಗೆ ಹೋಗ್ತಿದ್ದೀನಿ. ಇಂಟರ್ನಲ್ಸ್ ಹತ್ರ ಇದೆ, ಆದರೂ. ಟಿವಿ ಮುಂದೆ ಒಂದು ಹಳದಿ, ಒಂದು ಕೆಂಪು. ತಾತನನ್ನೂ ಕರ್ಕೊಂಡು ಬರ್ತಾರಂತೆ ಅಪ್ಪ. ತಾತ ಯಾವ ಕಡೆ ಅಂತ ಕೇಳಿದೆ. "ಪಾನಿಪುರಿ ಯಾರು ತರ್ತಾರೋ ಅವರ ಕಡೆ" ಅಂದ್ರು.

ನಾನೇ ತರ್ತೀನಿ. ಒಂದು ವೋಟು ನಮ್ದೇ.